ಐದನೆಯ ವರ್ಷದ ಬ್ಯಾಟರಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ರಸ್ತೆಯ ಜೊತೆಗೆ ವಿದ್ಯುತ್ ಕಂಬಗಳೂ ಮಣ್ಣುಪಾಲಾದವು. ಅಂತಹ ಹೊತ್ತಿನಲ್ಲಿ ಆಸ್ಪತ್ರೆಯ ಜನರೇಟರ್ ಇದ್ದೂ ಇಲ್ಲದಂತೆ, ಏಕೆಂದರೆ ಡೀಸೆಲ್ ಬರಬೇಕಾದದ್ದೂ ಆ ಕುಸಿದ ರಸ್ತೆಯಲ್ಲಿಯೇ. ಗುಡ್ಡಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಬೇಕೆಂದು ನಾನು ಹೇಳುತ್ತ ಬಂದಿರುವುದು ಈ ಕಾರಣಕ್ಕೆ.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಒಂದು ಕೇಂದ್ರಕ್ಕೆ ಹೋಗಿದ್ದೆ. ಚಾವಣಿಯ ಮೇಲಿನ ಸೌರ ಫಲಕಗಳು ಚೆನ್ನಾಗಿಯೇ ಇದ್ದವು. ಒಳಗೆ ಮೂಲೆಯಲ್ಲಿದ್ದ ಬ್ಯಾಟರಿಗಳ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿತ್ತು, ನೀರಿನ ಮಟ್ಟ ತೋರಿಸುವ ಕಡ್ಡಿಗಳು ತಳಕ್ಕಿಳಿದಿದ್ದವು. ಲಸಿಕೆಯ ಫ್ರಿಜ್‌ನ ಉಷ್ಣತೆಯನ್ನು ಬೆಳಿಗ್ಗೆ ಮತ್ತು ಸಂಜೆ ಬರೆದಿಡುವ ಪುಸ್ತಕವನ್ನು ಸಿಸ್ಟರ್ ತೆರೆದು ತೋರಿಸಿದರು. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಅಂಕಿ, ಜುಲೈನಲ್ಲಿ ಕರೆಂಟ್ ಹೋದ ಮೂರನೆಯ ದಿನ 11 ಆಗಿತ್ತು. ಸೌರ ವ್ಯವಸ್ಥೆಯನ್ನು ಕೊಟ್ಟ ಕಂಪನಿ ಉದ್ಘಾಟನೆಯ ಬಳಿಕ ಈ ಕಡೆ ಬಂದಿರಲಿಲ್ಲ. ಹೊಸ ಬ್ಯಾಟರಿಗೆ ಯಾರನ್ನು ಕೇಳಬೇಕೆಂಬುದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಣದ ನಿಜವಾದ ತೊಡಕು ಇರುವುದು ಇಲ್ಲಿ. ಫಲಕ ಸುಮಾರು 25 ವರ್ಷ ಬಾಳುತ್ತದೆ, ಸೀಸ-ಆಮ್ಲದ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೂ ಐದಾರು ವರ್ಷ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆ ಹಣ ಫಲಕಕ್ಕೆ ಸುಲಭವಾಗಿ ಸಿಗುತ್ತದೆ, ಐದು ವರ್ಷದ ಆಚೆಗಿನ ಬ್ಯಾಟರಿಗೆ ಸಿಗುವುದಿಲ್ಲ. ಛತ್ತೀಸಗಢದಲ್ಲಿ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಿದ್ಯುತ್ ಕೊರತೆಯಿದ್ದು ಸೌರ ವ್ಯವಸ್ಥೆಯಿಲ್ಲದ ಕೇಂದ್ರಗಳಿಗಿಂತ ಸೌರ ವ್ಯವಸ್ಥೆ ಇರುವ ಕೇಂದ್ರಗಳಲ್ಲಿ ತಿಂಗಳಿಗೆ ಸುಮಾರು ಎರಡು ಪಟ್ಟು ಹೆರಿಗೆಗಳಾಗುತ್ತಿದ್ದವೆಂದು ಅದು ಕಂಡುಕೊಂಡಿತು. ಅಲ್ಲಿ ಅಳವಡಿಕೆಯ ಜೊತೆಗೆ ನಿರ್ವಹಣೆಯ ಹೊಣೆಯನ್ನೂ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯೇ ಹೊತ್ತಿತ್ತು ಎಂಬುದನ್ನು ನಾವು ಮರೆಯಬಾರದು.

ನಮ್ಮಲ್ಲಿ ಹಣವೇ ಇಲ್ಲವೆನ್ನುವುದನ್ನು ನಾನು ಒಪ್ಪುವುದಿಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯನ್ನು ಎರಡು ಭಾಗ ಮಾಡಿ, ಪರಿಹಾರಕ್ಕೆ ಶೇ. 80 ಮತ್ತು ವಿಪತ್ತಿನ ಹಾನಿ ತಗ್ಗಿಸುವ ಮುಂಜಾಗ್ರತೆಗೆ ಶೇ. 20 ಎಂದು ಗೊತ್ತುಮಾಡಿತು. ಈ ಎರಡನೆಯ ಭಾಗವೇ ಎಲ್ಲ ರಾಜ್ಯಗಳಿಗೆ ಸೇರಿ 32,031 ಕೋಟಿ ರೂಪಾಯಿ. ಗುಡ್ಡ ಕುಸಿಯುವ ತಾಲ್ಲೂಕಿನಲ್ಲಿ ಹೆರಿಗೆ ಕೋಣೆಯ ದೀಪ ಆರದಂತೆ ನೋಡಿಕೊಳ್ಳುವುದು ಮುಂಜಾಗ್ರತೆಯಲ್ಲದೆ ಮತ್ತೇನು? ತಡೆಗೋಡೆಗೆ ಸಲ್ಲುವ ನ್ಯಾಯ ಬ್ಯಾಟರಿಗೂ ಸಲ್ಲಬೇಕು.

ಇನ್ನೊಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಬಿಸಿಲು ಕಾಣುವುದೇ ಅಪರೂಪ, ವಿದ್ಯುತ್ ಕೈಕೊಡುವುದೂ ಆಗಲೇ. ಬಯಲುಸೀಮೆಯ ಲೆಕ್ಕದಲ್ಲಿ ಕಿಲೋವ್ಯಾಟ್‌ಗೆ ಇಂತಿಷ್ಟು ಎಂದು ಅನುದಾನ ಕೊಟ್ಟರೆ ಇಲ್ಲಿ ಸಾಲದು. ಫಲಕ ಹೆಚ್ಚು ಬೇಕು, ಬ್ಯಾಟರಿ ಕನಿಷ್ಠ ಮೂರು ದಿನ ತಡೆಯಬೇಕು. ಹೆರಿಗೆ ಕೋಣೆ, ಲಸಿಕೆಯ ಫ್ರಿಜ್ ಮತ್ತು ಮೊಬೈಲ್ ಚಾರ್ಜಿಂಗ್‌ಗೆ ಪ್ರತ್ಯೇಕ ಲೈನ್ ಎಳೆದು ಫ್ಯಾನ್, ಟಿವಿಗಳನ್ನು ಅದರಿಂದ ಹೊರಗಿಡಬೇಕು.

ಆ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ನಾನು ಒಂದು ಪುಟದ ಮನವಿ ಬರೆದುಕೊಟ್ಟಿದ್ದೇನೆ. ಇನ್ನು ಮುಂದೆ ಯಾವ ದಾನಿ ಸೌರ ವ್ಯವಸ್ಥೆ ಕೊಡಲು ಬಂದರೂ ಒಂದು ಸಲದ ಬ್ಯಾಟರಿ ಬದಲಾವಣೆಯ ಹಣವನ್ನು ಮೊದಲೇ ಸಮಿತಿಯ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಕರೆಂಟ್ ಬಿಲ್ಲಿನಲ್ಲಿ ಉಳಿದದ್ದನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿ, ಡಿಸ್ಟಿಲ್ಡ್ ವಾಟರ್‌ಗೂ ರಿಪೇರಿಯವರ ಕೂಲಿಗೂ ಅದರಿಂದಲೇ ಕೊಡಬೇಕು. ಬ್ಯಾಟರಿಯ ನೀರು ನೋಡಿ ಬರೆಯಲು ಉಷ್ಣತೆಯ ಪುಸ್ತಕದಲ್ಲೇ ಇನ್ನೊಂದು ಕಾಲಂ ಎಳೆಯುವುದಾಗಿ ಸಿಸ್ಟರ್ ಹೇಳಿದ್ದಾರೆ.