ಸಿ ಫಾನ್ ಡೋನ್‌ಗೆ ಹೋಗ್ತೀರಾ? ‘ದೋಣಿ ಸೇರಿ’ ಅಂತ ಟಿಕೆಟ್ ಕೊಟ್ಟರೆ ಕೊಳ್ಳಬೇಡಿ

ಲಾವೋಸ್‌ನ ಪಾಕ್ಸೆ ಊರಿನಲ್ಲಿ ನನಗೆ ಸಿ ಫಾನ್ ಡೋನ್‌ಗೆ, ಅಂದರೆ ಮೆಕಾಂಗ್ ನದಿಯ ನಡುಗಡ್ಡೆಗಳಿಗೆ, ಟಿಕೆಟ್ ಮಾರಿದವಳು ದೋಣಿ ದುಡ್ಡೂ ಇದರಲ್ಲೇ ಸೇರಿದೆ ಅಂತ ಮೂರು ಸಲ ಹೇಳಿದಳು. ನಾನು ಪೆದ್ದನ ಹಾಗೆ ನಂಬಿದೆ, ಚೀಟಿ ಮೇಲೆ ಹಾಗಂತ ಬರೆದಿದೆಯಾ ಅಂತಲೂ ನೋಡಲಿಲ್ಲ. ಹನ್ನೊಂದು ಜನ ಕೂರುವ ವ್ಯಾನಿಗೆ ಹದಿನಾರು ಜನ. ನನಗೆ ಸಿಕ್ಕಿದ್ದು ಬಾಗಿಲ ಪಕ್ಕದ ಮಡಚುವ ಸೀಟು, ಕಾಲ ಕೆಳಗೆ ಯಾರದೋ ಅಕ್ಕಿ ಮೂಟೆ, ಯಾರು ಇಳಿಯಬೇಕಾದರೂ ಮೊದಲು ನಾನು ಇಳಿಯಬೇಕು. ಮೂರು ಗಂಟೆ ದಾರಿ ಐದು ಗಂಟೆ ಆಯಿತು. ಕೊನೆಗೆ ದ್ವೀಪಕ್ಕೆ ದೋಣಿ ಹತ್ತುವ ಊರಾದ ನಕಸಾಂಗ್‌ನ ಕ್ರಾಸ್‌ನಲ್ಲಿ ಹೆದ್ದಾರಿ ಮೇಲೆಯೇ ಇಳಿಸಿ, ಡ್ರೈವರ್ ನದಿ ಕಡೆ ಕೈ ತೋರಿಸಿ ಹೊರಟೇಹೋದ. ಬಿಸಿಲಲ್ಲಿ ನಡೆದು ಹೋಗಿ ದೋಣಿಯವನಿಗೆ ಚೀಟಿ ಕೊಟ್ಟರೆ, ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕು, ವಾಪಸ್ ಕೊಟ್ಟ. ಮತ್ತೆ ದುಡ್ಡು ಕೊಟ್ಟೆ.

ಹಾಗಾಗಿ ಟಿಕೆಟ್ ನಕಸಾಂಗ್‌ವರೆಗೆ ಮಾತ್ರ ತೆಗೆದುಕೊಳ್ಳಿ, ದೋಣಿ ದುಡ್ಡು ದಡದಲ್ಲೇ ಕೊಡಿ. ಎಟಿಎಂನಲ್ಲಿ ಕಿಪ್ (ಲಾವೋಸ್ ದುಡ್ಡು) ತೆಗೆಯುವುದನ್ನೂ ಅಲ್ಲೇ ಮುಗಿಸಿ, ಆಮೇಲೆ ದ್ವೀಪದಲ್ಲಿ ಪರದಾಡಬೇಡಿ.

ಸಿ ಅಂದರೆ ನಾಲ್ಕು, ಫಾನ್ ಅಂದರೆ ಸಾವಿರ, ಡೋನ್ ಅಂದರೆ ನಡುಗಡ್ಡೆ. ಮೆಕಾಂಗ್ ನದಿ ಕಾಂಬೋಡಿಯಾ ಗಡಿಗೆ ಸ್ವಲ್ಪ ಮುಂಚೆ ಅಗಲವಾಗಿ ಹರಡಿಕೊಂಡು ಇಷ್ಟೊಂದು ತುಂಡಾಗಿದೆ. ಎಷ್ಟೋ ‘ದ್ವೀಪ’ಗಳು ಸುಮ್ನೆ ನಾಲ್ಕು ಪೊದೆ, ಅಷ್ಟೇ. ನಮ್ಮಂಥವರು ಉಳಿಯುವುದು ಡೋನ್ ಡೆಟ್ ಇಲ್ಲ ಡೋನ್ ಖೋನ್‌ನಲ್ಲಿ. ದೋಣಿ ನಿಲ್ಲುವ ಡೋನ್ ಡೆಟ್‌ನ ಉತ್ತರ ತುದಿ ಪೂರ್ತಿ ಬಾರು, ಗಲಾಟೆ. ನನಗೆ ಅದು ಆಗಲ್ಲ, ಒಂದೇ ರಾತ್ರಿಗೆ ಜಾಗ ಖಾಲಿ ಮಾಡಿದೆ. ಅಲ್ಲಿ ಮಾಡಿದ ಇನ್ನೊಂದು ತಪ್ಪು, ಸೂರ್ಯಾಸ್ತ ಕಾಣುವ ಕಡೆ ರೂಮ್ ಹಿಡಿದದ್ದು. ಮಧ್ಯಾಹ್ನವೆಲ್ಲ ಬಿಸಿಲು ನೇರ ಗೋಡೆಗೆ ಹೊಡೆದು, ರಾತ್ರಿ ಹತ್ತಕ್ಕೂ ಮರದ ಗೋಡೆ ಬೆಚ್ಚಗಿರುತ್ತದೆ. ಫ್ಯಾನ್ ರೂಮೇ ಸಾಕು ಅನ್ನುವವರು ಪೂರ್ವದ ಕಡೆ ಹಿಡಿಯಿರಿ, ಸೂರ್ಯಾಸ್ತಕ್ಕೆ ಸೈಕಲ್‌ನಲ್ಲಿ ಹೋಗಿ ಬನ್ನಿ. ಡೋನ್ ಖೋನ್‌ನಲ್ಲಿ ನನ್ನ ರೂಮಿಗೆ ಒಂದೂವರೆ ಲಕ್ಷ ಕಿಪ್. ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಆರುನೂರು ಚಿಲ್ಲರೆ.

ಎರಡೂ ದ್ವೀಪಗಳನ್ನು ಸೇರಿಸುವ ಸೇತುವೆ ಫ್ರೆಂಚರು ರೈಲಿಗೆ ಕಟ್ಟಿದ್ದು. ಜಲಪಾತ ಅಡ್ಡ ಬಂದು ಹಡಗು ಮೇಲೆ ಹತ್ತುತ್ತಿರಲಿಲ್ಲ, ಅದಕ್ಕೇ ಸಾಮಾನು ಇಳಿಸಿ ದ್ವೀಪದ ಮೇಲೆ ರೈಲಿನಲ್ಲಿ ಸಾಗಿಸುತ್ತಿದ್ದರು. ತುಕ್ಕು ಹಿಡಿದ ಇಂಜಿನ್ ಇನ್ನೂ ಇದೆ.

ಸೇತುವೆ ಇಳಿದು ಸ್ವಲ್ಪ ಮುಂದೆ ಹೋದರೆ ಹೆಸರಿನ ಬೋರ್ಡೂ ಇಲ್ಲದ ಒಂದು ಊಟದ ಮನೆ. ಎರಡು ಬೆಂಚು, ನದಿಗೆ ಮುಖ, ಬೆಂಚಿನ ಕೆಳಗೆ ಕೋಳಿ ಮರಿಗಳು. ಮುಚ್ಚಳದ ಬಿದಿರು ಬುಟ್ಟಿಯಲ್ಲಿ ಅಂಟಕ್ಕಿ ಅನ್ನ ಕೊಡುತ್ತಾರೆ. ಅದನ್ನು ಬೆರಳಲ್ಲಿ ಉಂಡೆ ಮಾಡಿ ‘ಜೇವ್’ಗೆ ಅದ್ದಿ ತಿನ್ನಬೇಕು. ಬದನೆಕಾಯಿ, ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಕೆಂಡದಲ್ಲಿ ಸುಟ್ಟು ಒರಳಲ್ಲಿ ಕುಟ್ಟಿದ್ದು. ಒಂದು ತುತ್ತಿಗೇ ಗೊತ್ತಾಯಿತು, ಇದು ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ! ಬೇರೆ ದಿಕ್ಕಿನಿಂದ ಬಂದಿದೆ ಅಷ್ಟೆ. ಮುದ್ದೆ ಮುರಿದು ಅಭ್ಯಾಸ ಇದ್ದವರಿಗೆ ಕಲಿಸುವುದೇ ಬೇಡ. ನಾನು ಚಮಚ ಕೇಳಲಿಲ್ಲ ಅಂತ ಅಜ್ಜಿಗೆ ಖುಷಿಯಾಗಿ ಇನ್ನೊಂದು ಬುಟ್ಟಿ ತಂದಿಟ್ಟಳು, ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಇದ್ದಷ್ಟು ದಿನ ಎರಡು ಹೊತ್ತೂ ಅಲ್ಲೇ. ಸಸ್ಯಾಹಾರಿಗಳು ಮೊದಲೇ ‘ಬೊ ಸೈ ಪಾ ಡೇಕ್’ ಅನ್ನಿ. ಪಾ ಡೇಕ್ ಅಂದರೆ ಹುದುಗಿಸಿದ ಮೀನು. ಪಪ್ಪಾಯಿ ಸಲಾಡ್‌ಗೂ ಹಾಕಿಬಿಡುತ್ತಾರೆ.

ಡಾಲ್ಫಿನ್ ತೋರಿಸ್ತೀವಿ ಅಂತ ಯಾರಾದರೂ ಕರೆದರೆ ಹೋಗಬೇಡಿ. ಇಲ್ಲಿನ ನದಿ ಮಡುವಿನಲ್ಲಿದ್ದ ಕೊನೆಯ ಡಾಲ್ಫಿನ್ 2022ರಲ್ಲೇ ಸತ್ತಿದೆ, ಬೋರ್ಡಿನ ಮೇಲಿನ ಚಿತ್ರ ಮಾತ್ರ ಉಳಿದಿದೆ. ಆ ದುಡ್ಡಲ್ಲಿ ಖೋನ್ ಫಾಪೆಂಗ್ ಜಲಪಾತ ನೋಡಿ. ಎತ್ತರ ಸುಮಾರು 20 ಮೀಟರ್, ನಮ್ಮ ಗಗನಚುಕ್ಕಿ ಮುಂದೆ ಏನೂ ಅಲ್ಲ. ಆದರೆ ಆ ನೀರು! ಪಕ್ಕದವರ ಮಾತು ಕೇಳಿಸಲ್ಲ.

ವಾಪಸ್ ಬರುವಾಗ ವ್ಯಾನ್ ಬಿಟ್ಟು ಊರಿನವರು ಹತ್ತುವ ಸಾಂಗ್‌ತಿಯೋ ಹಿಡಿದೆ, ಹಿಂದೆ ಬೆಂಚು ಹಾಕಿದ ಟೆಂಪೋ. ನಿಧಾನ, ಧೂಳು, ಆದರೆ ಹೇಳಿದಷ್ಟೇ ದುಡ್ಡು. ಅಲ್ಲೂ ಅಕ್ಕಿ ಮೂಟೆ ಇತ್ತು. ಅದರ ಮೇಲೆ ಒರಗಿ ಪಾಕ್ಸೆವರೆಗೂ ನಿದ್ದೆ ಮಾಡಿದೆ.