ಪತ್ತನಾಜೆಯಿಂದ ದೀಪಾವಳಿಗೆ: ನನ್ನ ಮಂಡಿ ರಿಪೇರಿ ಲಾಗ್

ಮೇ 25

ನಿನ್ನೆ ಪತ್ತನಾಜೆ, ಅಂದ್ರೆ ವರ್ಷದ ತಿರುಗಾಟ ಮುಗಿಯುವ ದಿನ, ಯಕ್ಷಗಾನ ಮೇಳದವರೆಲ್ಲ ಗೆಜ್ಜೆ ಬಿಚ್ಚಿದ್ರು. ನಾನು ಬರೀ ಹವ್ಯಾಸಿ, ಹಗಲು ಸೊಸೈಟಿಯಲ್ಲಿ ಕ್ಲರ್ಕ್, ನನ್ನ ಗೆಜ್ಜೆ ಫೆಬ್ರವರಿಯಲ್ಲೇ ಕಪಾಟಿಗೆ ಹೋಗಿ ಆಗಿತ್ತು. ಅವತ್ತು ಊರಿನ ಯಕ್ಷಗಾನ ಆಟದಲ್ಲಿ ನಾನು ಅಭಿಮನ್ಯು, ಚಕ್ರವ್ಯೂಹದೊಳಗೆ ಹೋಗಿ ಒಂದು ಹತ್ತು ಮಂಡಿ ತಿರುಗಿದ್ದು ನೆನಪುಂಟು, ಆಮೇಲೆ ಏಳ್ಲಿಕ್ಕೇ ಆಗ್ಲಿಲ್ಲ, ಜನ ಅದನ್ನೂ ಅಭಿನಯ ಅಂತ ಚಪ್ಪಾಳೆ ಹೊಡೆದ್ರು ಮಾರಾಯ್ರೆ. 52 ವರ್ಷದವ 16ರ ಹುಡುಗನ ವೇಷ ಮಾಡಿದ್ರೆ ಇನ್ನೆಂತ ಆಗ್ತದೆ ಅಂತ ಹೆಂಡತಿ.

ಬಡಗುತಿಟ್ಟು, ಅಂದ್ರೆ ಯಕ್ಷಗಾನದ ಬಡಗಿನ ಶೈಲಿ, ನೋಡದವರಿಗೆ ಹೇಳ್ತೇನೆ, ಮಂಡಿ ಅಂದ್ರೆ ಮೊಣಕಾಲು ನೆಲಕ್ಕೆ ಊರಿ ಚಕ್ರದ ಹಾಗೆ ತಿರುಗುವುದು. ಮೂವತ್ತು ವರ್ಷ ತಿರುಗಿದ್ದೇನೆ.

ಎಕ್ಸ್‌ರೇಯಲ್ಲಿ ಬಲ ಮೊಣಕಾಲಿನ ಸಂದು ಕಿರಿದಾಗಿದೆ, ಆಸ್ಟಿಯೋ ಆರ್ಥ್ರೈಟಿಸ್ ಅಂದ್ರೆ ಗಂಟಿನ ಸವೆತ, ಗ್ರೇಡ್ 2. ಡಾಕ್ಟ್ರು ಮೊದಲು ಕೇಳಿದ್ದು ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರ್ತದೆ ಅಂತ. ನನಗೆ ಹತ್ತು ನಿಮಿಷ. ಗಂಟೆಗಟ್ಲೆ ಇದ್ರೆ, ಕೈಬೆರಳಿನ ಗಂಟೂ ಊದಿದ್ರೆ ರುಮಟಾಯ್ಡ್ ಅನ್ನುವ ಬೇರೆಯೇ ಗಂಟುರೋಗ ಇರಬಹುದು, ಅದರ ಮದ್ದೇ ಬೇರೆ ಅಂತೆ. ಹಾಗಾಗಿ ಗಂಟುನೋವು ಅಂದ ಕೂಡ್ಲೆ ಪಕ್ಕದಮನೆಯವರ ಮಾತ್ರೆ ತಿನ್ನುವವರು ಒಮ್ಮೆ ತೋರಿಸಿ ಬನ್ನಿ.

ನಾನು ಮಾಡಿದ ತಪ್ಪು ಅದಲ್ಲ. ಮೂರು ತಿಂಗಳು ಸುಮ್ನೆ ಕೂತದ್ದು. ಅಮ್ಮನದ್ದು ಒಂದೇ ಮಾತು, ಎಣ್ಣೆ ತಿಕ್ಕಿ ಕೂತ್ಕೋ. ಈಗ ಫಿಸಿಯೋ ಟೇಪ್ ಹಿಡಿದು ಅಳೆದ್ರೆ ಬಲತೊಡೆ ಎಡದ್ದಕ್ಕಿಂತ 2 ಸೆಂಟಿಮೀಟರ್ ಸಪೂರ! ತೊಡೆಯ ಮುಂದಿನ ಸ್ನಾಯು ಗಟ್ಟಿ ಇದ್ರೆ ಭಾರ ಅದು ಹೊರ್ತದೆ, ಇಲ್ಲದಿದ್ರೆ ಎಲ್ಲ ಸಂದಿನ ತಲೆಗೆ. ಸಂದಿನೊಳಗೆ ಎಲುಬಿನ ತುದಿಗಿರುವ ಮೆತ್ತನೆ ಪದರ, ಮೃದ್ವಸ್ಥಿ, ಅದಕ್ಕೆ ರಕ್ತನಾಳ ಇಲ್ವಂತೆ, ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ ಕಾಲು ಆಡಿದಾಗಲೇ ಸಂದಿನ ದ್ರವ ಒಳಗೆ ಹೋಗಿ ಪೋಷಣೆ ಸಿಗುವುದು, ಕೂತ್ರೆ ಅದೂ ಇಲ್ಲ.

ಇವತ್ತಿನ ಲೆಕ್ಕ: ತೂಕ 84. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 30 ಸೆಕೆಂಡಿಗೆ 8 ಸಲ. ದೀಪಾವಳಿ ನಂತರ ನಮ್ಮ ಸಂಘದ ಆಟ ಉಂಟು, ಅದಕ್ಕೆ ಮಂಡಿ ಹಾಕ್ಬೇಕು, ಅದೇ ಗುರಿ.

ಜೂನ್ 3

ಬೇಡದ ಕೆಲಸ ಮಾಡಿದೆ. ಮಳೆ ಜೋರಾಗುವ ಮೊದಲು ಒಮ್ಮೆ ಅಂತ ಮಲ್ಪೆ ಬೀಚಿಗೆ ಹೋಗಿ ಮರಳಿನಲ್ಲಿ ಬರಿಗಾಲಲ್ಲಿ ಒಂದು ಗಂಟೆ ನಡೆದೆ, ಮರಳು ಮೆತ್ತಗೆ ಅಲ್ವಾ ಗಂಟಿಗೆ ಒಳ್ಳೇದು ಅಂತ ನನ್ನದೇ ತಲೆ. ಮರಳಲ್ಲಿ ಹಿಮ್ಮಡಿ ಹೂತು ಹೋಗ್ತದೆ, ನೀರಿನ ಕಡೆ ಇಳಿಜಾರು ಬೇರೆ, ಪ್ರತಿ ಹೆಜ್ಜೆಗೂ ಮೊಣಕಾಲು ಒಂದೇ ಕಡೆಗೆ ವಾಲಿ ತಿರುಚ್ತದೆ. ರಾತ್ರಿ ಗಂಟು ಬಿಸಿಯಾಗಿ ಊದಿ ಪ್ಯಾಂಟು ಬಿಗಿಯಾಯ್ತು. ಎರಡು ದಿನ ಬೈರಾಸಿನಲ್ಲಿ (ಟವೆಲ್) ಐಸ್ ಕಟ್ಟಿ ಇಟ್ಕೊಂಡೆ.

ಫಿಸಿಯೋ ಬೈಲಿಲ್ಲ. ಒಂದು ನಿಯಮ ಹೇಳಿದ್ರು, ಅದು ಮಾತ್ರ ಈ ಲಾಗ್‌ನಿಂದ ತಗೊಂಡು ಹೋಗಿ: ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದ್ರೆ ಪರ್ವಾಗಿಲ್ಲ, ಆದ್ರೆ ನಿಲ್ಲಿಸಿ ಎರಡು ಗಂಟೆ ಆದ್ರೂ ಮೊದಲಿಗಿಂತ ಜಾಸ್ತಿ ನೋವುಂಟು ಅಂದ್ರೆ ಇವತ್ತು ಮಾಡಿದ್ದು ಹೆಚ್ಚಾಯ್ತು, ನಾಳೆ ಕಡಿಮೆ ಮಾಡ್ಬೇಕು. ಚುಚ್ಚಿದ ಹಾಗೆ ನೋವು, ಊತ, ಬಿಸಿ ಇದ್ರೆ ಅವತ್ತಿಗೆ ಬಂದ್. ಮಾತ್ರೆ ನುಂಗಿ ನೋವು ಮುಚ್ಚಿ ಹೆಜ್ಜೆ ಹಾಕುವುದಂತೂ ಬೇಡವೇ ಬೇಡ.

ಜೂನ್ 28

ಮಳೆ ಅಂದ್ರೆ ಮಳೆ. ಅಂಗಳದಲ್ಲಿ ಪಾಚಿ, ಜಾರಿ ಬಿದ್ರೆ ಗಂಟಿನ ಜೊತೆ ಸೊಂಟವೂ ಹೋದೀತು, ಅದಕ್ಕೆ ಅಡಿಕೆ ಸೋಗೆ ಹಾಸಿದ್ದೇವೆ, ಆದ್ರೂ ವಾಕಿಂಗ್ ಎಲ್ಲ ಮನೆಯ ಜಗಲಿಯಲ್ಲೇ, ಆಚೆ ಹದಿನೆಂಟು ಹೆಜ್ಜೆ ಈಚೆ ಹದಿನೆಂಟು ಹೆಜ್ಜೆ.

ದಿನಾ ಮಾಡುವುದು ಇಷ್ಟು. ಮೊದಲು ಐದು ನಿಮಿಷ ಆರಾಮಲ್ಲಿ ನಡೆದು ಮೈ ಬಿಸಿ ಮಾಡುವುದು. ಕಾಲು ಚಾಚಿ ಮೊಣಕಾಲಿನಡಿ ಬೈರಾಸು ಸುತ್ತಿ ಇಟ್ಟು ಒತ್ತಿ 5 ಸೆಕೆಂಡ್ ಹಿಡಿಯುವುದು, ಹತ್ತು ಸಲ. ಅಂಗಾತ ಮಲಗಿ ಒಂದು ಕಾಲು ಮಡಚಿ ಇನ್ನೊಂದನ್ನು ನೇರ ಎತ್ತುವುದು, ಉಸಿರು ಕಟ್ಬಾರ್ದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಕೊನೆಗೆ ಕುರ್ಚಿ. ಎಲ್ಲ ಮಕ್ಕಳಾಟಿಕೆ ಅನ್ನಿಸಿತ್ತು, ಮೂರನೇ ದಿನ ತೊಡೆ ನಡುಗಿದಾಗ ಗೊತ್ತಾಯ್ತು. ಚೆಂಡೆ ಕ್ಯಾಸೆಟ್ ಹಾಕಿ ಮಾಡ್ತೇನೆ, ಇಲ್ಲದಿದ್ರೆ ಲೆಕ್ಕ ತಪ್ತದೆ.

ಆಟಿ, ಜುಲೈ ಕೊನೆ

ಆಟಿ, ನಮ್ಮ ತುಳುವಿನ ಮಳೆಗಾಲದ ತಿಂಗಳು, ಅಂದ್ರೆ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಪಾತ್ರದ ಮಾತು (ಅರ್ಥ) ಹೇಳುವ ಯಕ್ಷಗಾನ. ಸಂಧಾನದ ಪ್ರಸಂಗ, ನನಗೆ ಕೌರವ. ಎರಡು ಗಂಟೆ ಚಕ್ಕಳಮಕ್ಕಳ ಕೂರುವುದು ಆಗದ ಮಾತು, ನಾಚಿಕೆ ಬಿಟ್ಟು ಕುರ್ಚಿ ಕೇಳಿದೆ. ಕೃಷ್ಣನ ಅರ್ಥ ಹೇಳುವವರು ಬಿಡ್ತಾರಾ, "ಏನು ಕೌರವಾ, ಭೀಮನ ಗದೆ ಬೀಳುವ ಮೊದಲೇ ಕಾಲು ಹೋಯಿತೇ?" ಅಂದ್ರು, ಸಭೆ ಗೊಳ್ಳೆಂದಿತು. ನಾನೂ ಬಿಡ್ಲಿಲ್ಲ, "ಸಂಧಾನಕ್ಕೆ ಬಂದವರು ನೆಲದಲ್ಲಿ ಕೂರಲಿ ವಾಸುದೇವಾ, ಕುರ್ಚಿ ಬಿಡದಿರುವುದೇ ನನ್ನ ಪಕ್ಷ." ಆಮೇಲಿನ ಕೂಟದಲ್ಲಿ ಪದ ಹಾಡುವ ಭಾಗವತರೂ ಒಂದು ಕುರ್ಚಿ ತರಿಸಿಕೊಂಡ್ರು, ಅವರಿಗೂ ಗಂಟುನೋವಂತೆ, ಇಷ್ಟು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು ಮಾತ್ರ ಮರೀಬಾರ್ದು, ಕುರ್ಚಿಯಲ್ಲೂ ಗಂಟು ಹಿಡೀತದೆ.

ಸೆಪ್ಟೆಂಬರ್ 14

ತೂಕ 79. ಎಣ್ಣೆಯಲ್ಲಿ ಕರಿದ ಗೋಳಿಬಜೆ ಬಿಟ್ಟದ್ದೇ ದೊಡ್ಡ ತ್ಯಾಗ. ಒಂದು ಕಿಲೋ ಇಳಿದ್ರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಂತೆ. ಉಡುಪಿಯ ಅಜ್ಜರಕಾಡಿನಲ್ಲಿ ಬೆಳಿಗ್ಗೆ 30 ನಿಮಿಷ ನಡಿಗೆ, ವಾರಕ್ಕೆ ಐದು ದಿನ, ಅಂದ್ರೆ 150 ನಿಮಿಷ, ಎಲ್ಲರಿಗೂ ಹೇಳುವ ಲೆಕ್ಕವೇ ಅದು. ಒಂದೇ ಸಲ ಆಗದ ದಿನ ಹತ್ತು ಹತ್ತು ನಿಮಿಷ ಮೂರು ಸಲ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಮಂಡಿ ವಿಷಯ ಕೇಳಿಯೇ ಬಿಟ್ಟೆ. ಫಿಸಿಯೋ ಮೇಡಂ ನನ್ನ ಹಳೇ ವಿಡಿಯೋ ನೋಡಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಸರ್, ನಿಂತು ಎಷ್ಟು ಬೇಕಾದ್ರೂ ಕುಣೀರಿ, ಇದೊಂದು ಬೇಡ." ಇಡೀ ದಿನ ಬೇಜಾರು. ಭಾಗವತರು ಧರ್ಮರಾಯ ಮಾಡಿ ಅಂದ್ರು, ಸಿಟ್ಟು ಬಂತು, ನಿಂತು ಮಾತಾಡುವ ವೇಷ ಅಲ್ವಾ ಅದು. ಆದ್ರೂ ಒಪ್ಪಿದೆ.

ಅಕ್ಟೋಬರ್ 30

ಇವತ್ತು ಸಂಜೆ ಮೊದಲ ಪೂರ್ತಿ ಅಭ್ಯಾಸ. ಗೆಜ್ಜೆ ಕಪಾಟಿನಿಂದ ಹೊರಗೆ ಬಂತು. ಒಡ್ಡೋಲಗ (ವೇಷದ ಪ್ರವೇಶದ ಕುಣಿತ), ನಾಲ್ಕು ಪದ್ಯದ ಕುಣಿತ, ಮಧ್ಯೆ ಎರಡು ಸಲ ನಿಂತು ನೀರು. ನಿಲ್ಲುವ ವೇಷ ಸುಲಭ ಅಂದುಕೊಂಡಿದ್ದೆ, ತಲೆ ಮೇಲೆ ಭಾರ ಹೊತ್ತು ನೆಟ್ಟಗೆ ನಿಲ್ಲುವುದಕ್ಕೇ ತೊಡೆ ಬೇಕು ಮಾರಾಯ್ರೆ, ಜೂನ್‌ನಲ್ಲಾದ್ರೆ ಆಗ್ತಿರ್ಲಿಲ್ಲ. ಕುರ್ಚಿ ಈಗ 13 ಸಲ, ತೊಡೆಯ ವ್ಯತ್ಯಾಸ 1 ಸೆಂಟಿಮೀಟರ್, ಮಂಡಿ ಸೊನ್ನೆ. ಅಭಿಮನ್ಯು ಮಾಡುವ ಹುಡುಗ ಪಕ್ಕದಲ್ಲಿ ಹದಿನೈದು ತಿರುಗಿದ, ಮೊದಲು ತೊಡೆ ಗಟ್ಟಿ ಮಾಡು ಮಗ ಅಂದೆ, ಅವ ಕೇಳುವ ಹಾಗೆ ಕಾಣುವುದಿಲ್ಲ, ನಾನೂ ಕೇಳಿರ್ಲಿಲ್ಲ.

ಹೆಜ್ಜೆ ನಿಲ್ಲಿಸಿದ್ದು 7.30ಕ್ಕೆ. ಈಗ 8.40, ಸ್ವಲ್ಪ ಬಿಗಿತ ಉಂಟು, ಊತ ಇಲ್ಲ. 9.30ಕ್ಕೆ ನೋಡುವ.