ಚೆಕ್‌ಡಿಸ್ಕ್ ಆಮೇಲೆ

ಅಣ್ಣನ ಹಳೇ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಡಿವೈಸ್ ಇಲ್ಲ, ಅಂದರೆ ಶುರುವಾಗಲು ಡಿಸ್ಕೇ ಸಿಗುತ್ತಿಲ್ಲ ಅನ್ನುವ ಒಂದು ಸಾಲು. "ಚೆಕ್‌ಡಿಸ್ಕ್ ಓಡಿಸು, ಸರಿಹೋಗುತ್ತೆ" ಅಂದ. ಡಿಸ್ಕಿನ ತಪ್ಪು ಹುಡುಕಿ ತಿದ್ದುವ ಆ ವಿಂಡೋಸ್ ಸಾಧನವನ್ನು ಓಡಿಸಲು ನಾನು ಬಿಡಲಿಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ತಿದ್ದಿ ಬರೆಸಿದರೆ ಉಳಿದಿದ್ದೂ ಹೋಗಬಹುದು, ಅಲ್ವಾ? ಡಿಸ್ಕಿನಿಂದ ಟಕ್ ಟಕ್ ಸದ್ದಿರಲಿಲ್ಲ, ಪುಣ್ಯ. ಇದ್ದಿದ್ದರೆ ತಕ್ಷಣ ಆಫ್ ಮಾಡಿ ಡೇಟಾ ರಿಕವರಿಯವರ ಕೈಗೇ ಕೊಡಬೇಕಿತ್ತು.

ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಡುತ್ತಿರುವ ಡಿಸ್ಕಿನಿಂದ ಡೇಟಾ ನಕಲು ಮಾಡುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಹಚ್ಚಿ, ಬೇರೆ ಡಿಸ್ಕಿಗೆ ನಕಲು ಶುರು ಮಾಡಿದೆ. ಪರೀಕ್ಷೆಯಲ್ಲಿ ಜಾಣ ಹುಡುಗರು ಮಾಡುವ ಹಾಗೆ ಅದು ಸುಲಭದ್ದನ್ನು ಮೊದಲು ಮುಗಿಸುತ್ತದೆ, ಓದಲು ಬಿಡದ ಹಠಮಾರಿ ಸೆಕ್ಟರ್‌ಗಳಿಗೆ (ಡಿಸ್ಕಿನ ಸಣ್ಣ ತುಣುಕುಗಳಿಗೆ) ಕೊನೆಗೆ ಬರುತ್ತದೆ.

ಹಾರ್ಡ್‌ಡಿಸ್ಕ್ ಒಳಗೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುವ, ಡೇಟಾ ಓದಿ ಬರೆಯುವ ಹೆಡ್ಡು. ಅದನ್ನು ನಂಬಿ ಮದುವೆ ಫೋಟೋ, ಜಮೀನಿನ ಕಾಗದ ಎಲ್ಲಾ ಒಂದೇ ಕಡೆ ಇಡುತ್ತೇವೆ. ನಮ್ಮ ಧೈರ್ಯಕ್ಕೆ ಏನನ್ನಬೇಕೋ! ಫೋಟೋಗಳು ಬಂದವು. ಅಣ್ಣ ಈಗ ತಿರುಗುವ ತಟ್ಟೆಯೇ ಇಲ್ಲದ ಹೊಸ ಎಸ್‌ಎಸ್‌ಡಿ ಡ್ರೈವ್ ರೇಟು ಕೇಳುತ್ತಿದ್ದಾನೆ.